ಕಣವೋ, ಮ್ಯಾಟೋ, ಗದ್ದೆಯೋ: ಕೊಡಗಿನ ಸ್ಪಿನ್ನರ್ ಎಲ್ಲಿ ಪಳಗಬೇಕು?

ಕೊಡಗಿನಲ್ಲಿ ಸ್ಪಿನ್ ಕಲಿಯುವವರಿಗೆ ಜಾಗದ್ದೇ ತಕರಾರು. ಸಮತಟ್ಟಾದ ನೆಲ ಎಲ್ಲಿ ಸಿಕ್ಕರೂ ಅಲ್ಲಿ ಆಗಲೇ ಹಾಕಿ ಆಟದ ಗೋಲು ನೆಟ್ಟಿರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವುದಿಲ್ಲ, ನೆಲ ಗಟ್ಟಿಯಾಗುವಷ್ಟರಲ್ಲಿ ಅಕ್ಟೋಬರ್ ಕಳೆದಿರುತ್ತದೆ. ಉಳಿಯುವುದು ನಾಲ್ಕು ದಾರಿ: ಮನೆ ಮುಂದೆ ಕಾಫಿ ಒಣಗಿಸುವ ಸಿಮೆಂಟಿನ ಕಣ, ಮೈದಾನದ ತೆಂಗಿನ ನಾರಿನ ಮ್ಯಾಟ್, ಕೊಯ್ಲು ಮುಗಿದ ಗದ್ದೆ, ಅಪರೂಪಕ್ಕೆ ಸಿಗುವ ಟರ್ಫ್, ಅಂದರೆ ಮಣ್ಣು-ಹುಲ್ಲಿನ ಪಿಚ್. ನಾಲ್ಕರಲ್ಲೂ ಬಲಗೈ ಬ್ಯಾಟ್ಸ್‌ಮನ್‌ಗೆ ಒಳಕ್ಕೆ ತಿರುಗುವ ಆಫ್ ಸ್ಪಿನ್, ಹೊರಕ್ಕೆ ತಿರುಗುವ ಲೆಗ್ ಸ್ಪಿನ್ ಎರಡನ್ನೂ ಹಾಕಿ ನೋಡಿದ ಮೇಲೆ ಬಂದ ತೀರ್ಮಾನ ಇದು: ಕೈ ಪಳಗಿಸುವುದಕ್ಕೆ ಕಣ, ಮ್ಯಾಚಿನ ಲೆಂತ್‌ಗೆ, ಅಂದರೆ ಚೆಂಡು ಎಷ್ಟು ದೂರಕ್ಕೆ ಬೀಳಬೇಕೆಂಬ ಅಳತೆಗೆ, ಮ್ಯಾಟ್. ಮ್ಯಾಟ್ ಮೇಲೆಯೇ ಕಲಿತು ಮ್ಯಾಟ್ ಮೇಲೆಯೇ ಆಡುವುದು ಇಲ್ಲಿನ ರೂಢಿ. ಅಲ್ಲೇ ತಪ್ಪುತ್ತಿರುವುದು.

ಕಾಫಿ ಕಣ

ಕಣ ಬೌಲರ್‌ಗೆ ಏನನ್ನೂ ಪುಕ್ಕಟೆ ಕೊಡುವುದಿಲ್ಲ. ನುಣುಪಾಗಿ ಉಜ್ಜಿದ ಸಿಮೆಂಟಿನ ಮೇಲೆ ಚರ್ಮದ ಚೆಂಡು ಹಿಡಿಯುವುದು ಕಡಿಮೆ, ಜಾರುವುದು ಹೆಚ್ಚು. ಬೆರಳು ಪೂರ್ತಿ ಕೆಲಸ ಮಾಡದಿದ್ದರೆ ನೆಟ್ಟಗೆ ಹೋಗಿಬಿಡುತ್ತದೆ. ಬೌನ್ಸ್ ಮಾತ್ರ ಜೋರು. ಹಳೆಯ ಕಣದಲ್ಲಿ ಮೇಲ್ಪದರ ಸವೆದು ಮರಳು ಎದ್ದಿದ್ದರೆ ಸ್ವಲ್ಪ ಹೆಚ್ಚು ತಿರುಗುತ್ತದೆ, ಚೆಂಡಿನ ಚರ್ಮವೂ ಅಷ್ಟೇ ಬೇಗ ಕಿತ್ತುಬರುತ್ತದೆ. ಐದಾರು ಓವರ್‌ಗೆ ಹೊಸ ಚೆಂಡಿನ ಹೊಲಿಗೆ ನಾಶ. ಕಣಕ್ಕೆ ಹಳೆಯ ಚೆಂಡೇ ಸರಿ, ಹೊಲಿಗೆ ಇನ್ನೂ ಬೆರಳಿಗೆ ಸಿಗುವಂಥದ್ದು.

ಇಳಿಜಾರನ್ನು ಮೊದಲು ನೋಡಿಕೊಳ್ಳಬೇಕು. ನೀರು ಹರಿದು ಹೋಗಲೆಂದು ಕಣವನ್ನು ಒಂದು ಕಡೆಗೆ ಸ್ವಲ್ಪ ವಾಲಿಸಿಯೇ ಕಟ್ಟಿರುತ್ತಾರೆ. ಆ ವಾಲು ಆಫ್ ಸೈಡಿನಿಂದ ಲೆಗ್ ಸೈಡಿಗಿದ್ದರೆ ಆಫ್ ಸ್ಪಿನ್ನರ್‌ಗೆ ಇಲ್ಲದ ತಿರುವು ಇದ್ದಂತೆ ಕಾಣುತ್ತದೆ. ಒಂದು ಚೊಂಬು ನೀರು ಸುರಿದರೆ ಅದು ಹರಿಯುವ ದಾರಿಯೇ ಹೇಳುತ್ತದೆ. ಪಿಚ್ಚನ್ನು ಆ ಹರಿವಿನ ಉದ್ದಕ್ಕೆ ಗುರುತು ಮಾಡಬೇಕು, ಅಡ್ಡಕ್ಕಲ್ಲ. ಅದು ಆಗದಿದ್ದರೆ ಅರ್ಧ ಚೆಂಡು ಒಂದು ತುದಿಯಿಂದ, ಉಳಿದರ್ಧ ಇನ್ನೊಂದು ತುದಿಯಿಂದ.

ಸಣ್ಣ ಕಣವೆಂದು ಪಿಚ್ ಮೊಟಕು ಮಾಡಬಾರದು. 66 ಅಡಿಯನ್ನು 54ಕ್ಕೆ ಇಳಿಸಿದರೆ ಚೆಂಡನ್ನು ಕೈ ಬಿಡುವ ಗಳಿಗೆಯೇ ಬದಲಾಗುತ್ತದೆ, ಮ್ಯಾಚಿನಲ್ಲಿ ಎಲ್ಲವೂ ಬ್ಯಾಟ್ಸ್‌ಮನ್‌ನಿಂದ ದೂರ, ಶಾರ್ಟ್ ಬೀಳುತ್ತದೆ. 60 ಅಡಿ ಉದ್ದ 60 ಅಡಿ ಅಗಲದ ಕಣದಲ್ಲಿ ಮೂಲೆಯಿಂದ ಮೂಲೆಗೆ ಸುಮಾರು 85 ಅಡಿ ಸಿಗುತ್ತದೆ, ಪಿಚ್ಚಿಗೆ ಅಷ್ಟು ಸಾಕು.

ಮುಂಗಾಲಿನ ವಿಷಯ ಇನ್ನೊಂದು. ರಬ್ಬರ್ ತಳದ ಶೂ ಒಣ ಸಿಮೆಂಟನ್ನು ಗಟ್ಟಿಯಾಗಿ ಹಿಡಿಯುತ್ತದೆ. ಚೆಂಡು ಬಿಟ್ಟ ಮೇಲೆ ಪಾದ ತಿರುಗಬೇಕಾದಲ್ಲಿ ತಿರುಗದೆ ಆ ತಿರುಚು ಮೊಣಕಾಲಿಗೆ ಬೀಳುತ್ತದೆ. ಕಣದ ಅಂಚಿನಲ್ಲಿ ಕಟ್ಟೆ ಇಲ್ಲದಿದ್ದರೆ ಮುಂಗಾಲು ಹೊರಗಿನ ಮಣ್ಣಿನ ಮೇಲೆ ಬೀಳುವಂತೆ ಓಟ ಇಟ್ಟುಕೊಳ್ಳಿ. ಕಟ್ಟೆ ಇದ್ದರೆ ಆ ಕಡೆ ಹೋಗಲೇಬೇಡಿ, ಎಡವುವುದು ಖಂಡಿತ. ಆಗ ಸಿಮೆಂಟಿನ ಮೇಲೆಯೇ, ದಿನಕ್ಕೆ 40 ಚೆಂಡು ಮೀರದ ಹಾಗೆ. ಗೋಣಿಚೀಲ ಹಾಸುವ ಉಪಾಯ ಬೇಡ, ಅದು ಕಾಲಡಿಯಿಂದ ಜಾರುತ್ತದೆ.

ಕಣದಲ್ಲಿ ಮಾಡಲೇಬೇಕಾದ ಅಭ್ಯಾಸ ಹಗ್ಗ ಮತ್ತು ಚೌಕದ್ದು. ಬ್ಯಾಟಿಂಗ್ ಕಡೆಯ ಸ್ಟಂಪ್‌ನಿಂದ 12 ಅಡಿಗೊಂದು, 15 ಅಡಿಗೊಂದು ಗೆರೆ ಎಳೆದು, ಆಫ್ ಸ್ಟಂಪಿನ ಆಚೀಚೆ ಸೇರಿ ಎರಡು ಅಡಿ ಅಗಲದ ಚೌಕ ಮಾಡಿ ಸುಣ್ಣದ ಪುಡಿ ತೆಳುವಾಗಿ ಎರಚಿ. ಬೌಲರ್ ಕಡೆಯ ಸ್ಟಂಪ್‌ನಿಂದ 25 ಅಡಿ ದೂರದಲ್ಲಿ ಎರಡು ಬಿದಿರು ನಿಲ್ಲಿಸಿ ಅಡ್ಡ ಹಗ್ಗ ಕಟ್ಟಿ. ಎತ್ತರ ಎಷ್ಟೆಂದರೆ, ನಿಮ್ಮ ಕೈ ಚೆಂಡು ಬಿಡುವ ಎತ್ತರಕ್ಕಿಂತ ಅರ್ಧ ಅಡಿ ಕಡಿಮೆ. ಏಳು ಅಡಿಯಲ್ಲಿ ಬಿಡುವವರಿಗೆ ಆರೂವರೆ, ಹುಡುಗರಿಗೆ ಇನ್ನೂ ಕೆಳಗೆ. ಚೆಂಡು ಹಗ್ಗದ ಮೇಲಿಂದ ಹೋಗಿ ಚೌಕದಲ್ಲಿ ಬೀಳಬೇಕು. ಗಂಟೆಗೆ 65 ಕಿಲೋಮೀಟರ್ ಆಸುಪಾಸಿನ ಚೆಂಡು ಹಗ್ಗ ದಾಟಿ ಅಲ್ಲಿಗೆ ಇಳಿಯುತ್ತದೆ. 75ರಲ್ಲಿ ತಳ್ಳಿದ್ದು ಚೌಕಕ್ಕೆ ಬಿದ್ದರೂ ಹಗ್ಗದ ಕೆಳಗಿಂದಲೇ ನುಸುಳಿರುತ್ತದೆ. ಗಾಳಿಯಲ್ಲಿ ತೇಲಿಸಿ ಫ್ಲೈಟ್ ಕೊಟ್ಟಿದ್ದೀಯೋ ಸುಮ್ಮನೆ ತಳ್ಳಿದ್ದೀಯೋ ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಬಿದ್ದ ಚೆಂಡನ್ನು ಎತ್ತಿ ನೋಡಿ. ಸುಣ್ಣ ಹೊಲಿಗೆಯ ಮೇಲೆ ಕಿರಿದಾದ ಪಟ್ಟಿಯಾಗಿ ಅಂಟಿದ್ದರೆ ಚೆಂಡು ಹೊಲಿಗೆಯ ಸುತ್ತಲೇ ಸುತ್ತಿದೆ ಎಂದರ್ಥ. ಚರ್ಮದ ಕೆನ್ನೆಗೆ ಅಗಲವಾಗಿ ಬಳಿದುಕೊಂಡಿದ್ದರೆ ಹೊಲಿಗೆ ಗಾಳಿಯಲ್ಲಿ ತೂಗಾಡಿದೆ: ಹಿಡಿತದಲ್ಲಿ ಚೆಂಡು ಅಂಗೈಗೆ ತಾಗಿರಬಹುದು, ಇಲ್ಲವೇ ಕೊನೆಯ ಬೆರಳು ತಡವಾಗಿ ಬಿಟ್ಟಿರಬಹುದು. ಆರು ಚೆಂಡಿಗೊಮ್ಮೆ ಒರೆಸಿ ಮತ್ತೆ ನೋಡಿ. ನೆಟ್‌ನಲ್ಲಿ ಅರ್ಧ ಗಂಟೆ ಹಾಕಿದರೂ ಸಿಗದ ಸುದ್ದಿ ಇಲ್ಲಿ ನಾಲ್ಕು ಓವರ್‌ಗೆ ಸಿಗುತ್ತದೆ. 24 ಚೆಂಡಲ್ಲಿ 14 ಹಗ್ಗವನ್ನೂ ಚೌಕವನ್ನೂ ಗೆದ್ದ ಮೇಲೆ ಬ್ಯಾಟ್ಸ್‌ಮನ್ ನಿಲ್ಲಿಸಿ, ಅಲ್ಲಿಯವರೆಗೆ ಬೇಡ.

ಕಣದ ದೋಷವೆಂದರೆ ಅದು ಸಿಗುವ ಕಾಲ. ಅರೇಬಿಕಾ ಹಣ್ಣು ಬಂದಾಗಿನಿಂದ ರೊಬಸ್ಟಾ ಒಣಗಿ ಮುಗಿಯುವವರೆಗೆ, ಅಂದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಮನೆಯವರು ಚೆಂಡು ತಂದವರನ್ನು ಒಳಗೇ ಬಿಡುವುದಿಲ್ಲ. ಬಿಡಲೂಬಾರದು. ಅಕ್ಟೋಬರ್-ನವೆಂಬರ್, ಮತ್ತೆ ಏಪ್ರಿಲ್-ಮೇ, ಇಷ್ಟೇ ಕೈಗೆ ಸಿಗುವುದು.

ಟೆನಿಸ್ ಚೆಂಡಿನ ಮೋಸ

ಕಣದಲ್ಲಿ ಟೆನಿಸ್ ಚೆಂಡು ಹಿಡಿದವರಿಗೆ ಮೇಲಿನದು ಸುಳ್ಳೆನಿಸುತ್ತದೆ, ಏಕೆಂದರೆ ಅವರ ಚೆಂಡು ಮೊಳ ತಿರುಗುತ್ತದೆ. ತಿರುಗಿಸಿದ್ದು ಬೆರಳಲ್ಲ, ಸಿಮೆಂಟನ್ನು ಕಚ್ಚಿಹಿಡಿಯುವ ರಬ್ಬರು ಮತ್ತು ನಾರು. ಕ್ರಿಕೆಟ್ ಚೆಂಡು 155.9ರಿಂದ 163 ಗ್ರಾಂ, ಟೆನಿಸ್ ಚೆಂಡು 56ರಿಂದ 59.4 ಗ್ರಾಂ. ಸುಮಾರು ಮೂರನೇ ಒಂದು ಪಾಲು ತೂಕ. ಹಗುರ ಚೆಂಡನ್ನು ಎರಡು ಬೆರಳಲ್ಲಿ ಹಿಂಡಿ ಚಿಮ್ಮಿಸುವ ಅಭ್ಯಾಸವಾದರೆ ಚರ್ಮದ ಚೆಂಡಿನ ಮುಂದೆ ಆ ಬೆರಳಿಗೆ ಬಲ ಸಾಲುವುದಿಲ್ಲ, ಮೊಣಕೈ ಸಹಾಯಕ್ಕೆ ಬರುತ್ತದೆ. ಬೌಲಿಂಗ್ ಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾದರೆ ಅದು ನಿಯಮ ಮೀರಿದ ಬೌಲಿಂಗ್. ಟೆನಿಸ್ ಚೆಂಡಿನಿಂದ ಒಂದೇ ಲಾಭ: ಸುತ್ತ ಕೆಂಪು ಇನ್ಸುಲೇಶನ್ ಟೇಪಿನ ಒಂದು ಪಟ್ಟಿ ಸುತ್ತಿದರೆ ಗಾಳಿಯಲ್ಲಿ ಅದು ಯಾವ ಕಡೆ ಸುತ್ತುತ್ತಿದೆ ಎಂಬುದು ದೂರದಿಂದಲೂ ಕಾಣುತ್ತದೆ.

ನಾರಿನ ಮ್ಯಾಟ್

ಒರಟು ನಾರು ಹೊಲಿಗೆಯನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಸೋಮಾರಿ ಬೆರಳಿನಿಂದ ಉರುಳಿಸಿದ ಚೆಂಡೂ ಹೊಸ ಮ್ಯಾಟ್ ಮೇಲೆ ತಿರುಗಿ ಏಳುತ್ತದೆ. ಚೆಂಡು ಹಿಡಿಯುವ ನೆಲದಲ್ಲಿ ಬೌಲರ್ ಏನು ಮಾಡಬಲ್ಲ ಎಂಬುದಕ್ಕೆ ಹಳೆಯ ಸಾಕ್ಷಿ ಇಂಗ್ಲೆಂಡಿನ ಬೌಲರ್ ಸಿಡ್ನಿ ಬಾರ್ನ್ಸ್: 1913-14ರಲ್ಲಿ ದಕ್ಷಿಣ ಆಫ್ರಿಕಾದ ಮ್ಯಾಟ್ ಪಿಚ್‌ಗಳಲ್ಲಿ ನಾಲ್ಕೇ ಟೆಸ್ಟ್‌ಗಳಲ್ಲಿ 49 ವಿಕೆಟ್. ಆದರೆ ಬಾರ್ನ್ಸ್ ಬೆರಳು ಬಳಸುತ್ತಿದ್ದ. ನಮ್ಮಲ್ಲಿ ಮ್ಯಾಟ್ ಮೇಲೆ ಬೆಳೆದ ಹುಡುಗರು ಕೈಯನ್ನು ಪಕ್ಕಕ್ಕೆ ಇಳಿಸಿ ಅಡ್ಡ ತಿರುಗಿಸುವುದನ್ನೇ ಸ್ಪಿನ್ ಎಂದುಕೊಳ್ಳುತ್ತಾರೆ. ಆ ಚೆಂಡು ಬ್ಯಾಟಿನ ಅಂಚನ್ನೂ ದಾಟಿ ಹೋಗುತ್ತದೆ. ನೋಡುವವರು ಓಹೋ ಎನ್ನುತ್ತಾರೆ, ವಿಕೆಟ್ ಬೀಳುವುದಿಲ್ಲ. ಟರ್ಫ್‌ಗೆ ಹೋದರೆ ತಿರುವು ಅರ್ಧವಾಗುತ್ತದೆ, ಬೌನ್ಸ್ ಇರುವುದೇ ಇಲ್ಲ.

ಮ್ಯಾಟ್ ಎಷ್ಟು ಬಿಗಿಯಾಗಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮೊದಲು ಉದ್ದಕ್ಕೆ ಎಳೆದು ಎರಡು ತುದಿಗೆ ಮೊಳೆ, ಆಮೇಲೆ ಬದಿಗಳಿಗೆ ಎರಡೆರಡು ಅಡಿಗೊಂದು ಆರಿಂಚಿನ ಮೊಳೆ, ತಲೆ ಮ್ಯಾಟಿನ ಮಟ್ಟಕ್ಕಿಂತ ಕೆಳಗಿರುವಂತೆ. ನಡುಭಾಗವನ್ನು ಬೆರಳಲ್ಲಿ ಹಿಡಿದು ಎತ್ತಿ ನೋಡಿ: ಒಂದು ಇಂಚಿಗಿಂತ ಹೆಚ್ಚು ಎದ್ದರೆ ಸಡಿಲ. ಸಡಿಲ ಮ್ಯಾಟ್‌ನಲ್ಲಿ ಚೆಂಡು ನಿಂತು ಬರುತ್ತದೆ, ಬಿಗಿ ಮ್ಯಾಟ್‌ನಲ್ಲಿ ಸ್ಟಂಪಿನ ಮೇಲಿಂದ ಹಾರುತ್ತದೆ. ಬಿಸಿಲೇರಿದಂತೆ ಸಡಿಲಾಗುವುದರಿಂದ ಇನಿಂಗ್ಸ್ ನಡುವೆ ಮತ್ತೆ ಎಳೆಯಲೇಬೇಕು. ಎದುರು ತಂಡದ ಸ್ಪಿನ್ನರ್ ಬರುವ ಮುಂಚೆ ಎಳೆಯಲು ಎಲ್ಲರೂ ಮರೆಯುತ್ತಾರೆ, ಅದು ಬೇರೆ ಮಾತು.

ಚಳಿಗಾಲದ ಬೆಳಿಗ್ಗೆ ಇಬ್ಬನಿ ಕುಡಿದ ನಾರು ಮೊದಲ ಗಂಟೆ ಜಾರುತ್ತದೆ, ಚೆಂಡೂ ನೆನೆದು ಊದಿ ಭಾರವಾಗುತ್ತದೆ. ಒಂಬತ್ತಕ್ಕೆ ಮ್ಯಾಚ್ ಇದ್ದರೆ ಹಿಂದಿನ ಸಂಜೆಯೇ ಸುತ್ತಿ ಟಾರ್ಪಾಲು ಹೊದಿಸಬೇಕು. ಸ್ಪಿನ್ನರ್ ಸೊಂಟಕ್ಕೆ ಒಣ ಟವೆಲ್ ಸಿಕ್ಕಿಸಿಕೊಂಡು ಅಂಪೈರ್‌ಗೆ ಕಾಣುವಂತೆ ಒರೆಸಲಿ. ಎಂಜಲು ಹಚ್ಚುವಂತಿಲ್ಲ, 2022ರ ಅಕ್ಟೋಬರ್‌ನಿಂದ ಅದು ನಿಯಮದಲ್ಲೇ ನಿಷಿದ್ಧ.

ಹಾಗಿದ್ದೂ ಮ್ಯಾಚ್ ಮ್ಯಾಟ್ ಮೇಲೆ ಇದ್ದರೆ ಕೊನೆಯ ಎರಡು ವಾರ ಅಲ್ಲಿಯೇ ಹಾಕಬೇಕು. ಚೌಕವನ್ನು ಎರಡು ಅಡಿ ಮುಂದಕ್ಕೆ, ಸ್ಟಂಪ್‌ನಿಂದ 10-13 ಅಡಿಗೆ ಸರಿಸಿ. ಬೌನ್ಸ್ ಹೆಚ್ಚಿರುವುದರಿಂದ ಕಣದ ಒಳ್ಳೆಯ ಲೆಂತ್ ಇಲ್ಲಿ ಬೇಲ್ಸ್ ಮೇಲೆ ಹೋಗಿ ಬ್ಯಾಕ್‌ಫುಟ್‌ನಲ್ಲಿ ಏಟು ತಿನ್ನುತ್ತದೆ. ಆಫ್ ಸ್ಪಿನ್ನರ್ ಬಲಗೈ ಬ್ಯಾಟ್ಸ್‌ಮನ್‌ಗೆ ರೌಂಡ್ ದ ವಿಕೆಟ್ ಬರಲಿ, ಅಂದರೆ ಬೌಲಿಂಗ್ ಕೈ ಸ್ಟಂಪಿನಿಂದ ಆಚೆಗಿರುವ ಬದಿಯಿಂದ. ಕೈ ಸ್ಟಂಪಿನ ಹತ್ತಿರವಿರುವ ಓವರ್ ದ ವಿಕೆಟ್ ಬದಿಯಿಂದ ಅಷ್ಟು ತಿರುಗಿದರೆ ಲೆಗ್ ಸ್ಟಂಪ್ ಬಿಟ್ಟು ಹೋಗುತ್ತದೆ, ಎಲ್‌ಬಿಡಬ್ಲ್ಯೂ ಕೇಳುವಂತಿಲ್ಲ. ಲೆಗ್ ಸ್ಪಿನ್ನರ್ ಮಿಡಲ್-ಲೆಗ್ ಮೇಲೆ ಶುರು ಮಾಡಲಿ. ಲೆಗ್ ಸ್ಟಂಪಿನ ಹೊರಗೆ ಬಿದ್ದ ಚೆಂಡಿಗೂ ಎಲ್‌ಬಿಡಬ್ಲ್ಯೂ ಇಲ್ಲ ಎಂಬುದು ನೆನಪಿರಲಿ.

ತಿರುವನ್ನು ಕಡಿಮೆ ಮಾಡಿ ಬೌನ್ಸ್ ಹೆಚ್ಚಿಸುವುದೇ ಮ್ಯಾಟ್ ಮೇಲಿನ ಜಾಣತನ. ಆಫ್ ಸ್ಪಿನ್ನರ್ ಹೊಲಿಗೆಯನ್ನು ಲೆಗ್ ಸ್ಲಿಪ್ (ಕೀಪರ್ ಪಕ್ಕದ ಲೆಗ್ ಸೈಡ್) ಕಡೆಯಿಂದ ಕೀಪರ್ ಕಡೆಗೆ ತಿರುಗಿಸಿದಷ್ಟೂ ಚೆಂಡು ಮುಮ್ಮುಖವಾಗಿ ಸುತ್ತುತ್ತದೆ, ಬೇಗ ಇಳಿದು ಮೇಲೇಳುತ್ತದೆ. ಕುಂಬ್ಳೆಯ 619 ಟೆಸ್ಟ್ ವಿಕೆಟ್‌ಗಳಲ್ಲಿ ದೊಡ್ಡ ಪಾಲು ತಿರುವಿನದಲ್ಲ, ಬೌನ್ಸ್ ಮತ್ತು ವೇಗದ್ದು. ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. 1997ರಿಂದ ಕೌಟುಂಬಿಕ ಹಾಕಿ ನಡೆಯುತ್ತಿರುವ ಸೀಮೆ ಇದು. ಸ್ಟಿಕ್ ಹಿಡಿದು ಬೆಳೆದ ಕೈ ಕೆಳಗೆ ಉಳಿದ ಚೆಂಡನ್ನು ಸ್ವೀಪ್ ಮಾಡದೆ ಬಿಡುವುದಿಲ್ಲ. ಅದೇ ಕೈಗೆ ಎದೆ ಮಟ್ಟದ ಚೆಂಡು ಕಷ್ಟ. ಬೌಂಡರಿ ಆಚೆ ಕಾಫಿ ತೋಟ, ಒಂದು ಸಿಕ್ಸರ್ ಹೋದರೆ ಚೆಂಡು ಹುಡುಕುವುದಕ್ಕೆ ಹತ್ತು ನಿಮಿಷ.

ಗದ್ದೆ, ಟರ್ಫ್

ಗದ್ದೆ ಪಿಚ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಕೊಯ್ಲಿನ ನಂತರ ಕೂಳೆ ಕಿತ್ತು, ನೀರು ಹಾಕಿ ಬಡಿದು ಒಣಗಿಸಿದ ಜೇಡಿ ಬಿರುಕು ಬಿಡುತ್ತದೆ, ಒಂದು ಚೆಂಡು ಪಾದಕ್ಕೆ, ಮುಂದಿನದು ಭುಜಕ್ಕೆ. ಅಲ್ಲಿ ವಿಕೆಟ್ ತೆಗೆಯಲು ನೆಟ್ಟಗೆ ವೇಗವಾಗಿ ಹಾಕಿದರೆ ಸಾಕು, ಹಾಗಾಗಿ ಫ್ಲೈಟ್ ಕಲಿಯುವವನಿಗೆ ಅದು ಶತ್ರು. ಹೆಲ್ಮೆಟ್ ಇಲ್ಲದೆ ಚರ್ಮದ ಚೆಂಡು ಆಡಲೇಬಾರದು.

ಟರ್ಫ್ ಸಿಕ್ಕಿದರೆ ಹೊಸದನ್ನು ಕಲಿಯಲು ಹೋಗಬೇಡಿ, ಅಳೆಯಲು ಹೋಗಿ. ಹೆಬ್ಬೆರಳಿನಿಂದ ನೆಲ ಒತ್ತಿದಾಗ ಗುರುತು ಬಿದ್ದರೆ ಒಳಗೆ ತೇವವಿದೆ, ಚೆಂಡು ನಿಧಾನವಾಗಿ ಬರುತ್ತದೆ. ಸ್ವಲ್ಪ ವೇಗ ಕೂಡಿಸಿ. ಗಟ್ಟಿಯಾಗಿ ಒಣಗಿ ಪುಡಿ ಎದ್ದಿದ್ದರೆ ನಿಧಾನವಾಗಿ, ಇನ್ನಷ್ಟು ಸುತ್ತು ಕೊಟ್ಟು. ಹೊಲಿಗೆ 45 ಡಿಗ್ರಿಯಲ್ಲಿ ಓರೆಯಾಗಿದ್ದರೆ ಅಡ್ಡ ತಿರುವು, ಇಳಿತ ಎರಡೂ ಸಿಗುತ್ತವೆ. ಕಣದಲ್ಲಿ 24ಕ್ಕೆ 14 ಗೆದ್ದು ದಾಟಿದ ಬೌಲರ್ ಟರ್ಫ್ ಮೇಲೆ ಎರಡು ಓವರ್‌ನಲ್ಲಿ ಹೊಂದಿಕೊಳ್ಳುತ್ತಾನೆ. ಮ್ಯಾಟ್ ಮೇಲಷ್ಟೇ ಬೆಳೆದವನು ಆ ಎರಡು ಓವರ್ ಶಾರ್ಟ್ ಹಾಕಿ ನಾಯಕನ ಕೈಗೆ ಚೆಂಡು ವಾಪಸ್ ಕೊಟ್ಟಿರುತ್ತಾನೆ.

ಮಳೆಗಾಲದ ನಾಲ್ಕು ತಿಂಗಳಿಗೆ ಗೋಡೌನ್ ಅಥವಾ ಜಗಲಿ ಸಾಕು. ಬೆನ್ನ ಮೇಲೆ ಮಲಗಿ ಚೆಂಡನ್ನು ನೇರ ಮೇಲಕ್ಕೆ ಸುತ್ತಿಸಿ ಎಸೆದು ಹಿಡಿಯುವುದು, ದಿನಕ್ಕೆ 50. ಹತ್ತು ಗಜ ದೂರದ ಜೊತೆಗಾರನಿಗೆ ನಿಂತಲ್ಲಿಂದಲೇ, ಓಟವಿಲ್ಲದೆ, 30. ತೋರುಬೆರಳಿನ ಚರ್ಮ ಸೀಳಿದರೆ ಎರಡು ದಿನ ಬಿಡಿ. ತೇವದ ಹವೆಯಲ್ಲಿ ಆ ಗಾಯ ಬೇಗ ಒಣಗುವುದಿಲ್ಲ, ಟೇಪ್ ಸುತ್ತಿ ಹಾಕುವ ಹಾಗೂ ಇಲ್ಲ.