ನೂಲಿನ ಪೆಟ್ಟಿಗೆಗೆ ನುಸಿಗುಳಿಗೆ: ಅರ್ಧ ಕೆಲಸದ ಮದ್ದು
ಅಂಗಡಿಯ ಬಿಳಿ ನ್ಯಾಫ್ತಲೀನ್ ಗುಳಿಗೆ ಅಗ್ಗ, ಆದರೆ ಅದರ ಆವಿ ಕೆಲಸ ಮಾಡುವುದು ಗಾಳಿಯಾಡದ ಡಬ್ಬಿಯಲ್ಲಿ ಮಾತ್ರ. ತೆರೆದ ಕಪಾಟಿನಲ್ಲಿ ಇಟ್ಟರೆ ವಾಸನೆಯಷ್ಟೇ ಲಾಭ. ಉಣ್ಣೆ ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಬೆವರು, ಎಣ್ಣೆ ಅಂಟಿದ ನೂಲೆಂದರೆ ಅದಕ್ಕೆ ಹಬ್ಬ. ಗಂಜಿ ಹಾಕಿದ ಹತ್ತಿನೂಲಿಗೆ ಶತ್ರು ಬೇರೆ, ಸಿಲ್ವರ್‌ಫಿಶ್ ಎಂಬ ಬೆಳ್ಳಿಬಣ್ಣದ ಪುಟ್ಟ ಕೀಟ. ಅದಕ್ಕೆ ಒಣಹವೆಯೇ ಮದ್ದು.

ಹುಳು ಕಂಡಿತೇ? ಉಣ್ಣೆ ಲಡಿಯನ್ನು ಜಿಪ್ ಚೀಲದಲ್ಲಿ ಗಾಳಿ ಹಿಂಡಿ ಮುಚ್ಚಿ, -18 ಡಿಗ್ರಿಯ ಫ್ರೀಜರ್‌ನಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ ಚೀಲ ಕೋಣೆಯ ಬಿಸಿಗೆ ಬರುವ ತನಕ ಬಿಚ್ಚಬೇಡಿ, ತೇವ ಕೂರುತ್ತದೆ. ಗುಳಿಗೆಯೇ ಬೇಕೆಂದರೆ ಬಟ್ಟೆಯಲ್ಲಿ ಕಟ್ಟಿಡಿ. ಕರ್ಪೂರದ ಜತೆ ಸೇರಿಸಿದರೆ ಎರಡೂ ಕರಗಿ ಕಲೆಯಾದೀತು. ಹಸುಗೂಸಿರುವ ಮನೆಗೆ ನ್ಯಾಫ್ತಲೀನ್ ಗುಳಿಗೆ ಬೇಡವೇ ಬೇಡ.