ಮಾಡೆಲ್ ಅಪ್‌ಡೇಟಿಂಗ್: ಮ್ಯಾಟ್ರಿಕ್ಸ್ ತಿದ್ದುವುದೋ, ಪ್ಯಾರಾಮೀಟರ್ ತಿದ್ದುವುದೋ?

ವೈಸ್‌ಗೆ ಕಚ್ಚಿಸಿದ ಉಕ್ಕಿನ ಪಟ್ಟಿಯೊಂದನ್ನು ತೆಗೆದುಕೊಳ್ಳಿ: ಹೊರಚಾಚಿದ ಉದ್ದ 500 ಮಿ.ಮೀ., ಅಗಲ 40, ದಪ್ಪ 6. ಯಂಗ್ ಮಾಡ್ಯುಲಸ್ (ಲೋಹದ ಬಿಗಿತದ ಅಳತೆ) 210 ಗಿಗಾಪಾಸ್ಕಲ್ ಕೊಟ್ಟರೆ, ಪಟ್ಟಿಯನ್ನು ಸಣ್ಣ ತುಂಡುಗಳಾಗಿ ಒಡೆದು ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ಮಾಡೆಲ್‌ನ ಮೊದಲ ಮೋಡ್ (ಪಟ್ಟಿ ತಾನಾಗಿ ಕಂಪಿಸುವ ಮೊದಲ ರೀತಿ) ಸುಮಾರು 20 ಹರ್ಟ್ಜ್. ಹ್ಯಾಮರಿನಿಂದ ತಟ್ಟಿ ಅಳೆದರೆ ಅಷ್ಟು ಬರುವುದಿಲ್ಲ, ಕಡಿಮೆಯೇ ಬರುತ್ತದೆ. ಈ ಅಂತರ ಹೋಗುವಂತೆ ಮಾಡೆಲನ್ನು ತಿದ್ದುವುದೇ ಮಾಡೆಲ್ ಅಪ್‌ಡೇಟಿಂಗ್. ಇಲ್ಲಿ ನೋಡುವುದು ಎರಡು ದಾರಿ.

ನೇರ ವಿಧಾನ ಸ್ಟಿಫ್‌ನೆಸ್ ಮ್ಯಾಟ್ರಿಕ್ಸನ್ನೇ (ಮಾಡೆಲ್‌ನ ಬಿಗಿತವನ್ನು ಹಿಡಿದಿಡುವ ಸಂಖ್ಯೆಗಳ ಕೋಷ್ಟಕ) ತಿದ್ದುತ್ತದೆ. ಇಟರೇಶನ್ (ಮತ್ತೆ ಮತ್ತೆ ಲೆಕ್ಕ ಹಾಕಿ ಉತ್ತರಕ್ಕೆ ಹತ್ತಿರವಾಗುವುದು) ಬೇಡ, ಅಳೆದ ಮೋಡ್‌ಗಳು ಚಾಚೂ ತಪ್ಪದೆ ಮರಳುತ್ತವೆ. ಆದರೆ ಒಂದಕ್ಕೊಂದು ತಾಗದ ನೋಡ್‌ಗಳ (ತುಂಡುಗಳು ಕೂಡುವ ಬಿಂದುಗಳ) ನಡುವೆಯೂ ಸ್ಟಿಫ್‌ನೆಸ್ ಹುಟ್ಟಿಕೊಳ್ಳುತ್ತದೆ, ಅಳತೆಯ ನಾಯ್ಸ್ ಕೂಡ ಮಾಡೆಲ್ ಒಳಗೆ ಸೇರುತ್ತದೆ. ನಾಳೆ ಪಟ್ಟಿಯ ದಪ್ಪ ಬದಲಾದರೆ ಆ ತಿದ್ದುಪಡಿಗೆ ಅರ್ಥವೇ ಇಲ್ಲ. ವಿನ್ಯಾಸದ ಕೆಲಸಕ್ಕೆ ಇದನ್ನು ಬಳಸಲೇಬಾರದು.

ಸೆನ್ಸಿಟಿವಿಟಿ ವಿಧಾನ ತಿದ್ದುವುದು ಭೌತಿಕ ಪ್ಯಾರಾಮೀಟರ್‌ಗಳನ್ನು, ಅಂದರೆ ಯಂಗ್ ಮಾಡ್ಯುಲಸ್, ದಪ್ಪದಂಥ ಬೆಲೆಗಳನ್ನು. ಮೊದಲು ಮ್ಯಾಕ್ ಬೆಲೆ, ಅಂದರೆ ಅಳೆದ ಮೋಡಿನ ಆಕಾರ ಮಾಡೆಲ್‌ನ ಮೋಡಿಗೆ ಎಷ್ಟು ಹೋಲುತ್ತದೆ ಎಂಬ 0ರಿಂದ 1ರ ಅಳತೆ, ನೋಡಿ ಮೋಡ್‌ಗಳನ್ನು ಜೋಡಿ ಮಾಡಿ (0.9ಕ್ಕಿಂತ ಮೇಲಿದ್ದರೆ ನೆಮ್ಮದಿ), ಪ್ರತಿ ಪ್ಯಾರಾಮೀಟರನ್ನೂ ಅದರ ಆರಂಭದ ಬೆಲೆಯಿಂದ ಭಾಗಿಸಿ, ಆಮೇಲೆ ಇಟರೇಶನ್. ನಮ್ಮ ಆಯ್ಕೆ ಇದೇ. ಆದರೂ ಇದು ಮೋಸಹೋಗುವ ಜಾಗವೊಂದಿದೆ, ಅದನ್ನು ಹತ್ತಿರದಿಂದ ನೋಡಬೇಕು.

ಪಟ್ಟಿಯ ಹೊರಚಾಚಿದ ಭಾಗದ ತೂಕ 942 ಗ್ರಾಂ. ತುದಿಗೆ 10 ಗ್ರಾಂನ ಆಕ್ಸಿಲರೋಮೀಟರ್ (ಕಂಪನ ಅಳೆಯುವ ಸೆನ್ಸರ್) ಅಂಟಿಸಿದರೆ ಮೊದಲ ಆವರ್ತನ ಶೇ. 2ರಷ್ಟು ಇಳಿಯುತ್ತದೆ. ಎರಡನೆಯದು, ಮೂರನೆಯದು? ಹತ್ತಿರಹತ್ತಿರ ಅಷ್ಟೇ! ವೈಸ್ ಹಿಡಿತದಲ್ಲಿ ಬುಡ ತುಸು ತಿರುಗಿದರೂ ಎಲ್ಲ ಬಾಗುವಿಕೆ ಮೋಡ್‌ಗಳು ಹೆಚ್ಚುಕಡಿಮೆ ಒಂದೇ ಶೇಕಡಾವಾರು ಕುಸಿಯುತ್ತವೆ. ಯಂಗ್ ಮಾಡ್ಯುಲಸ್ ಇಳಿಸಿದರೂ ಅದೇ ಫಲ. ಪ್ರತಿ ಪ್ಯಾರಾಮೀಟರಿಗೆ ಆವರ್ತನಗಳು ಎಷ್ಟು ಸರಿಯುತ್ತವೆ ಎಂದು ತೋರಿಸುವ ಸೆನ್ಸಿಟಿವಿಟಿ ಮ್ಯಾಟ್ರಿಕ್ಸಿನ ಕಾಲಂಗಳು ಒಂದಕ್ಕೊಂದು ಸಮಾನಾಂತರವಾಗಿ ನಿಂತುಬಿಡುತ್ತವೆ, ಕಾರಣ ಯಾವುದೆಂದು ಬೇರ್ಪಡಿಸಲಾಗದು. ಆಕ್ಸಿಲರೋಮೀಟರ್ ಮರೆತರೆ ಉಕ್ಕು 201 ಗಿಗಾಪಾಸ್ಕಲ್ ಎಂಬ ಉತ್ತರ ಬರುತ್ತದೆ, ಎಲ್ಲ ಆವರ್ತನಗಳೂ ಸುಂದರವಾಗಿ ಹೊಂದಿಕೊಂಡಿರುತ್ತವೆ. ಇನ್ನಷ್ಟು ಬಾಗುವಿಕೆ ಮೋಡ್ ಸೇರಿಸಿದರೂ, ರೆಗ್ಯುಲರೈಸೇಶನ್ (ಬೆಲೆಗಳು ತೀರ ದೂರ ಹೋಗದಂತೆ ಹಿಡಿಯುವ ಗಣಿತದ ಕಡಿವಾಣ) ಹಾಕಿದರೂ ಈ ಗಂಟು ಬಿಡಿಸಿಕೊಳ್ಳುವುದಿಲ್ಲ.

ಬಿಡಿಸುವುದು ಪರೀಕ್ಷೆಯಲ್ಲೇ. ಪಟ್ಟಿಯನ್ನು ತೂಗಿ, ದಪ್ಪವನ್ನು ಮೈಕ್ರೋಮೀಟರಿನಲ್ಲಿ ಹಲವು ಕಡೆ ಅಳೆಯಿರಿ, 0.1 ಮಿ.ಮೀ. ತಪ್ಪಿದರೂ ಆವರ್ತನ ಶೇ. 1.7 ಸರಿಯುತ್ತದೆ. ಆಕ್ಸಿಲರೋಮೀಟರನ್ನು ಮಾಡೆಲ್‌ನಲ್ಲಿ ಪಾಯಿಂಟ್ ಮಾಸ್ ಆಗಿ ಇಡಿ. ವೈಸ್‌ನಿಂದ ಬಿಚ್ಚಿ, ಮೆತ್ತನೆಯ ರಬ್ಬರ್ ದಾರದಲ್ಲಿ ತೂಗುಹಾಕಿ ಒಮ್ಮೆ ಪರೀಕ್ಷಿಸಿ, ಆ ಫಲಿತಾಂಶದಿಂದ ಯಂಗ್ ಮಾಡ್ಯುಲಸ್ ನಿಗದಿಮಾಡಿ. ದಾರದ ಮೇಲಿನ ಓಲಾಟದ ಆವರ್ತನ ಮೊದಲ ಬಾಗುವಿಕೆ ಮೋಡಿನ ಹತ್ತನೇ ಒಂದು ಭಾಗ ಮೀರದಿರಲಿ.

ಈಗ ಉಳಿಯುವುದು ವೈಸ್‌ನ ತಿರುಗು ಸ್ಪ್ರಿಂಗ್ (ಬುಡ ತುಸು ತಿರುಗುವುದನ್ನು ಮಾಡೆಲ್‌ನಲ್ಲಿ ತೋರಿಸುವುದು) ಒಂದೇ. ಅದನ್ನು ಹೊಂದಿಸಿದ ಮೇಲೂ ಮೋಡಿನಿಂದ ಮೋಡಿಗೆ ವ್ಯತ್ಯಾಸ ಬೆಳೆಯುತ್ತಿದ್ದರೆ ಬುಡ ತಿರುಗುವುದಷ್ಟೇ ಅಲ್ಲ, ಅಡ್ಡಕ್ಕೂ ಸರಿಯುತ್ತಿರಬೇಕು. ಅಲ್ಲಿ ಅಡ್ಡ ಸ್ಪ್ರಿಂಗ್ ಒಂದನ್ನು ಸೇರಿಸಿ ಮತ್ತೆ ಓಡಿಸಿ.