ಡೆಸ್ಕ್‌ಟಾಪ್ ಬಿಸಿಯಾಗಿ ಆಫ್ ಆಗುತ್ತಿದೆಯೇ? ಟೆಂಪರೇಚರ್ ನೋಡದವರ ಕೈಗೆ ಕೊಡಬೇಡಿ

ಡೆಸ್ಕ್‌ಟಾಪ್ ಇದ್ದಕ್ಕಿದ್ದಂತೆ ಆಫ್ ಆಗುತ್ತಿದೆ ಎಂದು ಸರ್ವಿಸ್‌ಗೆ ಹೊರಟವರು ಇದನ್ನು ಓದಿಕೊಂಡು ಹೋಗಿ. ನನಗೆ ಒಂದು ಹೊಸ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬಿ) ದಂಡವಾಯಿತು, ಮದರ್‌ಬೋರ್ಡಿನ ದುಡ್ಡೂ ಹೋಗುವುದರಲ್ಲಿತ್ತು. ಕೊನೆಗೆ ಸಿಕ್ಕ ಕಾರಣ ನೆಟ್ಟಗೆ ಕೂರದ ಒಂದು ಪ್ಲಾಸ್ಟಿಕ್ ಪಿನ್ನು.

ಶುರುವಾಗಿದ್ದೇ ಸರ್ವಿಸ್ ಆದ ಮೇಲೆ. ಅಲ್ಲಿಯವರೆಗೆ ಕಂಪ್ಯೂಟರ್ ಚೆನ್ನಾಗಿಯೇ ಇತ್ತು. ಫ್ಯಾನ್ ಸದ್ದು ಜಾಸ್ತಿಯಾಯಿತೆಂದು ಧೂಳು ತೆಗೆಸಿ, ಹೊಸ ಥರ್ಮಲ್ ಪೇಸ್ಟ್ (ಚಿಪ್ಪಿನ ಬಿಸಿಯನ್ನು ಮೇಲಿನ ಕೂಲರಿಗೆ ದಾಟಿಸುವ ಲೇಪ) ಹಾಕಿಸಿದೆ. ವಾಪಸ್ ಬಂದಾಗ ಒಳಗೆಲ್ಲ ಫಳಫಳ. ಆದರೆ ಒಂದು ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿದರೆ ಸಾಕು, ಮೊದಲು ಎಲ್ಲ ನಿಧಾನ, ಆಮೇಲೆ ಫ್ಯಾನ್ ಕಿರುಚಾಟ, ಆಮೇಲೆ ಪಟ್ಟನೆ ಕಪ್ಪು. ನೀಲಿ ಪರದೆ ಇಲ್ಲ, ಎರರ್ ಇಲ್ಲ. ತಕ್ಷಣ ಆನ್ ಮಾಡಿದರೆ ವಿಂಡೋಸ್ ಬರುವಷ್ಟರಲ್ಲಿ ಮತ್ತೆ ಆಫ್. ತಣ್ಣಗಾಗಲು ಬಿಟ್ಟರೆ ಸ್ವಲ್ಪ ಹೊತ್ತು ಓಡುತ್ತಿತ್ತು.

ಈ ಕ್ರಮವೇ ಅರ್ಧ ರೋಗ ಹೇಳಿಬಿಡುತ್ತದೆ. ಈಗಿನ ಪ್ರೊಸೆಸರ್ (ಸಿಪಿಯು, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್) ಬಿಸಿಯಾದ ಕೂಡಲೇ ಆಫ್ ಆಗುವುದಿಲ್ಲ. ಇಂಟೆಲ್‌ನ ಬಹಳಷ್ಟು ಡೆಸ್ಕ್‌ಟಾಪ್ ಚಿಪ್‌ಗಳಿಗೆ 100 ಡಿಗ್ರಿ ಸೆಲ್ಸಿಯಸ್, ಎಎಂಡಿಯ ರೈಜನ್ 7000 ಸರಣಿಯ ಹೆಚ್ಚಿನವಕ್ಕೆ 95 ಡಿಗ್ರಿ ಮಿತಿ. ಅದನ್ನು ಮುಟ್ಟಿದಾಗ ಚಿಪ್ ಮೊದಲು ತನ್ನ ವೇಗ ಇಳಿಸಿಕೊಳ್ಳುತ್ತದೆ. ಅಷ್ಟಕ್ಕೂ ಬಿಸಿ ಇಳಿಯದೆ ಇನ್ನೂ ಏರಿದರೆ ಮಾತ್ರ ತನ್ನನ್ನು ಉಳಿಸಿಕೊಳ್ಳಲು ಕಂಪ್ಯೂಟರನ್ನೇ ಆಫ್ ಮಾಡಿಸುತ್ತದೆ. ಎಸ್‌ಎಂಪಿಎಸ್ ಸೋತಿದ್ದರೆ ಸಾಮಾನ್ಯವಾಗಿ ಈ ನಿಧಾನವಾಗುವ ಹಂತವೇ ಇರುವುದಿಲ್ಲ. ಗೇಮ್ ಆಡುವಾಗಲೋ ಗ್ರಾಫಿಕ್ಸ್ ಕಾರ್ಡಿನ ಮೇಲೆ ಹೊರೆ ಬಿದ್ದಾಗಲೋ, ಸಿಪಿಯು ಬಿಸಿ ಮಾಮೂಲಾಗಿರುವಾಗಲೇ, ಒಮ್ಮೆಗೇ ಹೋಗುತ್ತದೆ.

ಇದನ್ನೆಲ್ಲ ಹೇಳಿದರೂ ಅಂಗಡಿಯಾತ ಕೇಳಿಸಿಕೊಳ್ಳಲಿಲ್ಲ. ಕಂಪ್ಯೂಟರಿನಲ್ಲಿ ನಡೆದದ್ದನ್ನೆಲ್ಲ ದಾಖಲಿಸಿ ತೋರಿಸುವ ವಿಂಡೋಸ್‌ನ ಇವೆಂಟ್ ವ್ಯೂವರ್ ತೆರೆದು, ಕೆಂಪು ಗುರುತಿನ 'ಕರ್ನಲ್-ಪವರ್ 41' ಸಾಲನ್ನು ಬೆರಳಿಟ್ಟು ತೋರಿಸಿದ. "ನೋಡಿ ಸಾರ್, ಪವರ್ ಅಂತಾನೇ ಬಂದಿದೆ. ಎಸ್‌ಎಂಪಿಎಸ್ ಹೋಗಿದೆ." ನೀವು ಈ ಮಾತಿಗೆ ಮರುಳಾಗಬೇಡಿ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತು ಮತ್ತೆ ಶುರುವಾಗಿದೆ ಎಂಬುದಷ್ಟೇ ಆ 41ರ ಅರ್ಥ. ಪ್ಲಗ್ ಕಿತ್ತರೂ ಅದೇ ಬರುತ್ತದೆ, ಪವರ್ ಬಟನ್ ಒತ್ತಿ ಹಿಡಿದರೂ ಅದೇ. ಕಾರಣ ಏನೆಂದು ಆ ಸಾಲು ಹೇಳುವುದಿಲ್ಲ.

ಹೀಗೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ಹೊಸ ಎಸ್‌ಎಂಪಿಎಸ್ ಬಂತು, ಡೆಸ್ಕ್‌ಟಾಪ್ ಪರದೆ ತೋರಿಸಿ "ನೋಡಿ, ಓಡ್ತಾ ಇದೆ" ಎಂದು ಕೊಟ್ಟರು. ಕೆಲಸವಿಲ್ಲದೆ ಸುಮ್ಮನಿದ್ದಾಗ ಅದು ಮೊದಲೂ ಓಡುತ್ತಿತ್ತಲ್ಲ! ಎಕ್ಸ್‌ಪೋರ್ಟ್ ಹಾಕಿದೊಡನೆ ಹಳೇ ಕಥೆ. ಮತ್ತೆ ಹೋದರೆ ಈ ಸಲ "ಬೋರ್ಡ್ ಹೋಗಿದೆ" ಎಂಬ ತೀರ್ಪು. ಇಷ್ಟೆಲ್ಲ ಆದರೂ ಒಬ್ಬರಾದರೂ ಸಿಪಿಯು ಎಷ್ಟು ಡಿಗ್ರಿಯಲ್ಲಿದೆ ಎಂದು ನೋಡಿರಲಿಲ್ಲ. ನನಗೆ ಸಿಟ್ಟು ಬಂದಿದ್ದು ದುಡ್ಡಿಗಿಂತ ಇದಕ್ಕೆ.

ಬೋರ್ಡ್ ಬೇಡವೆಂದು ವಾಪಸ್ ತಂದು ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮೊದಲು ತೆರೆಯಬಹುದಾದ ಸೆಟ್ಟಿಂಗ್ ಪುಟಗಳಿಗೆ) ಹೋದೆ. ಅಲ್ಲಿ ಹಾರ್ಡ್‌ವೇರ್ ಮಾನಿಟರ್ ಎಂಬ ಪುಟದಲ್ಲಿ ಸಿಪಿಯು ಟೆಂಪರೇಚರ್ ಕಾಣುತ್ತದೆ. ಬಯೋಸ್‌ನಲ್ಲಿ ವಿಂಡೋಸ್‌ನಷ್ಟು ಪವರ್ ಉಳಿತಾಯ ನಡೆಯುವುದಿಲ್ಲ, ಹಾಗಾಗಿ 50ರ ಆಸುಪಾಸು ಕಂಡರೆ ಗಾಬರಿ ಬೇಡ. ಆದರೆ ಅದು ಒಂದು ಕಡೆ ನಿಲ್ಲಬೇಕು. ನನ್ನದು ನಿಲ್ಲಲಿಲ್ಲ. 60, 70, 80 ದಾಟಿ ಏರುತ್ತಲೇ ಹೋಯಿತು. ಆಫ್ ಮಾಡಿ, ಪ್ಲಗ್ ತೆಗೆದು, ಕೂಡಲೇ ಹೀಟ್‌ಸಿಂಕಿನ (ಚಿಪ್ಪಿನ ಮೇಲೆ ಕೂತು ಬಿಸಿ ಎಳೆದುಕೊಳ್ಳುವ ಲೋಹದ ಭಾಗ) ಅಂಚಿಗೆ ಬೆರಳು ಮುಟ್ಟಿಸಿದರೆ ಬರೀ ಉಗುರುಬೆಚ್ಚಗೆ!

ನನ್ನ ಪ್ರಕಾರ ಇಡೀ ಬರಹದಲ್ಲಿ ಬಹಳ ಮುಖ್ಯವಾದ ಪರೀಕ್ಷೆ ಇದೇ. ಚಿಪ್ ಬಿಸಿ, ಹೀಟ್‌ಸಿಂಕೂ ಬಿಸಿ ಎಂದರೆ ಗಾಳಿ ಸಾಲುತ್ತಿಲ್ಲ: ಧೂಳು ಕಟ್ಟಿದೆ, ಫ್ಯಾನ್ ಸೋತಿದೆ, ಇಲ್ಲವೇ ಕ್ಯಾಬಿನೆಟ್ ಗೋಡೆಗೆ ಒತ್ತಿಕೊಂಡಿದೆ. ಚಿಪ್ ಸುಡುತ್ತಿದ್ದು ಹೀಟ್‌ಸಿಂಕ್ ತಣ್ಣಗಿದ್ದರೆ ಅವೆರಡೂ ಒಂದಕ್ಕೊಂದು ಸರಿಯಾಗಿ ತಾಗಿಯೇ ಇಲ್ಲ. ಫ್ಯಾನ್ ಎಷ್ಟು ಕಿರುಚಿದರೂ ತಣ್ಣಗಿರುವ ಲೋಹಕ್ಕೆ ಗಾಳಿ ಬೀಸಿದಂತಾಯಿತು, ಅಷ್ಟೇ.

ಇಂಟೆಲ್ ಪ್ರೊಸೆಸರಿನ ಡಬ್ಬಿಯ ಜೊತೆ ಬರುವ ಸಾಮಾನ್ಯ ಕೂಲರಿಗೆ (ಹೀಟ್‌ಸಿಂಕ್, ಫ್ಯಾನ್ ಎರಡೂ ಸೇರಿದ್ದು) ನಾಲ್ಕು ಮೂಲೆಯಲ್ಲಿ ಒತ್ತುವ ಪಿನ್ನುಗಳಿರುತ್ತವೆ. ಬೋರ್ಡಿನ ಹಿಂಭಾಗದಿಂದ ನೋಡಿದರೆ ನಾಲ್ಕೂ ತೂತಿನಲ್ಲಿ ಸೀಳಿದ ಬಿಳಿ ಕಾಲು, ಅದರ ನಡುವೆ ಕಪ್ಪು ಮೊಳೆ ಕಾಣಬೇಕು. ನನ್ನದರಲ್ಲಿ ಮೂರು ಕಡೆ ಹಾಗಿತ್ತು. ನಾಲ್ಕನೆಯದರ ಕಾಲು ತೂತಿನೊಳಗೆ ಅರ್ಧಕ್ಕೇ ನಿಂತು, ಆ ಮೂಲೆ ಮೇಲಕ್ಕೆದ್ದಿತ್ತು. ಬಿಚ್ಚಿದಾಗ ಹೊಸ ಪೇಸ್ಟ್ ಒಂದು ಬದಿಯಲ್ಲಿ ತೆಳ್ಳಗೆ ಹರಡಿದೆ, ಇನ್ನೊಂದು ಬದಿಯಲ್ಲಿ ಹಾಕಿದ ಹಾಗೇ ಮುದ್ದೆಯಾಗಿ ಕೂತಿದೆ.

ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ, ನಾಲ್ಕೂ ಪಿನ್ನಿನ ತಲೆಯನ್ನು ಬಾಣದ ಗುರುತಿಗೆ ವಿರುದ್ಧವಾಗಿ ತಿರುಗಿಸಿ ಲಾಕ್ ಸ್ಥಿತಿಗೆ ತಂದು, ಎದುರುಬದುರು ಮೂಲೆಗಳನ್ನು ಟಕ್ ಎನ್ನುವವರೆಗೆ ಒತ್ತಿದೆ. ಅದೇ ಎಕ್ಸ್‌ಪೋರ್ಟ್ 70ರ ಆಸುಪಾಸಿನಲ್ಲಿ ನಿಂತು, ಕೊನೆವರೆಗೂ ಓಡಿತು.

ನೀವೇ ಬಿಚ್ಚುವುದಾದರೆ ಒಂದೆರಡು ಮಾತು. ಎಎಂಡಿಯ ಎಎಂ4 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬೋರ್ಡಿನಲ್ಲಿ ಕೂಲರನ್ನು ನೇರ ಮೇಲಕ್ಕೆ ಕೀಳಬೇಡಿ. ಒಣಗಿದ ಪೇಸ್ಟಿಗೆ ಅಂಟಿಕೊಂಡ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತುಬಂದು ಅದರ ಪಿನ್ ಬಾಗಬಹುದು. ಸ್ವಲ್ಪ ಹೊತ್ತು ಓಡಿಸಿ ಬೆಚ್ಚಗಾದ ಮೇಲೆ ಆಫ್ ಮಾಡಿ, ಮೆಲ್ಲಗೆ ಅತ್ತಿತ್ತ ತಿರುಗಿಸಿ ಬಿಡಿಸಿ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ಟಿನ ಬೋರ್ಡಿಗೆ ಅದಕ್ಕೂ ಹಿಂದಿನ ಎಲ್‌ಜಿಎ 1200ರ ಹಳೆ ಕೂಲರ್ ಹಾಕಲು ಯಾರಾದರೂ ಹೊರಟರೆ ತಡೆಯಿರಿ: ತೂತುಗಳ ನಡುವಿನ ಅಂತರ 75ರಿಂದ 78 ಮಿಲಿಮೀಟರ್‌ಗೆ ಬದಲಾಗಿದೆ, ಅದಕ್ಕೆ ಬೇರೆ ಬ್ರಾಕೆಟ್ ಬೇಕು. ಹೊಸ ಕೂಲರಾದರೆ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದಾರೋ ಇಲ್ಲವೋ ನೋಡಿ. ನಗಬೇಡಿ, ಅದನ್ನು ಹಾಗೇ ಬಿಟ್ಟು ಕೂರಿಸುವವರಿದ್ದಾರೆ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಬಿಚ್ಚಲೇಬೇಡಿ, ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ಚಾರ್ಜ್ ಉಳಿದಿರುತ್ತದೆ. ಸಿಪಿಯು ತಣ್ಣಗೆ ಮಾಡುತ್ತೇವೆ ಎಂದು ಬರುವ ಸಾಫ್ಟ್‌ವೇರ್‌ಗಳ ಗೊಡವೆಯೂ ಬೇಡ. ಟೆಂಪರೇಚರ್ ನೋಡಲು ಎಚ್‌ಡಬ್ಲ್ಯೂಇನ್ಫೋ (HWiNFO) ಎಂಬ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ.

ಅಂಗಡಿಗೇ ಕೊಡುವುದಾದರೆ, ಸುಮ್ಮನಿದ್ದಾಗ ಎಷ್ಟು ಡಿಗ್ರಿ, ಹೊರೆ ಹಾಕಿದಾಗ ಎಷ್ಟು ಎಂದು ನಿಮ್ಮೆದುರೇ ತೋರಿಸಲು ಹೇಳಿ. ತೋರಿಸಲು ಒಪ್ಪದಿದ್ದರೆ ಬೇರೆ ಕಡೆ ಹೋಗಿ. ಪಾರ್ಟ್ ಬದಲಿಸಿದರೆ ಹಳೆಯದನ್ನು ಕೇಳಿ ಪಡೆಯಿರಿ. ನಾನು ತಂದಿಟ್ಟುಕೊಂಡಿದ್ದ ಹಳೆ ಎಸ್‌ಎಂಪಿಎಸ್ ಹಾಕಿ ನೋಡಿದೆ, ಅದರಲ್ಲೂ ಎಕ್ಸ್‌ಪೋರ್ಟ್ ಪೂರ್ತಿ ಮುಗಿಯಿತು. ಹೊಸದನ್ನು ಹಿಂದಿರುಗಿಸಲು ಹೋದರೆ, "ಬಳಸಿದ ಮಾಲು ವಾಪಸ್ ತಗೊಳಲ್ಲ ಸಾರ್" ಎಂದರು.